ಎಲೆಯಿಲ್ಲದ ಐರಿಸ್

ಮಡಗಾಸ್ಕರಿನ ಮಳೆಕಾಡಿನಲ್ಲಿ ತರಗೆಲೆಗಳ ನಡುವಿನಿಂದ ಏಳುವ ಜಿಯೊಸಿರಿಸ್‌ಗೆ ಎಲೆಯೂ ಇಲ್ಲ, ಹಸಿರೂ ಇಲ್ಲ. ಕಾಂಡದ ಮೇಲೆ ಅಲ್ಲಲ್ಲಿ ಸಣ್ಣ ಹುರುಪೆಗಳಿವೆ, ಅಷ್ಟೆ. ಪತ್ರಹರಿತ್ತನ್ನೇ ಕಳೆದುಕೊಂಡ ಈ ಗಿಡ ತನ್ನ ಆಹಾರವನ್ನು ಬೇರಿನೊಳಗೆ ನೆಲೆಸಿದ ಶಿಲೀಂಧ್ರದಿಂದ ಪಡೆಯುತ್ತದೆ. ಹೂವರಳದಿದ್ದರೆ ಅದು ಅಲ್ಲಿದೆ ಎಂದು ಗೊತ್ತಾಗುವುದೇ ಕಷ್ಟ.

1894ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಫ್ರೆಂಚ್ ಸಸ್ಯವಿಜ್ಞಾನಿ ಆನ್ರಿ ಬಯೋಂ. ಹಸಿರಿಲ್ಲದಿದ್ದರೂ ಇದು ಐರಿಸ್ ಕುಟುಂಬದ್ದೇ ಎಂದು ಅವರು ಬರೆದರು. ಕೇಸರಿ, ಗ್ಲ್ಯಾಡಿಯೋಲಸ್‌ಗಳನ್ನು ಒಳಗೊಂಡ ಕುಟುಂಬ ಅದು. ಮರುವರ್ಷವೇ ಬಯೋಂ ತೀರಿಕೊಂಡರು.

ಐರಿಸ್ ಕುಟುಂಬದ್ದೆಂಬ ಅವರ ಮಾತು ನಿಲ್ಲಲಿಲ್ಲ. ಬರ್ಮಾನಿಯಾ ಕುಟುಂಬದ ಅನೇಕ ಗಿಡಗಳೂ ಹೀಗೆಯೇ ಬಣ್ಣಗೆಟ್ಟು ಶಿಲೀಂಧ್ರವನ್ನು ನೆಚ್ಚಿ ಬದುಕುತ್ತವೆ. ಜಿಯೊಸಿರಿಸ್‌ನಂತೆ ಅವುಗಳ ಬೀಜವೂ ಧೂಳಿನಷ್ಟು ಸಣ್ಣದು. ಆ ಕುಟುಂಬವನ್ನು ಆಳವಾಗಿ ಅಭ್ಯಸಿಸಿದ್ದ ಯೋಂಕರ್ 1939ರಲ್ಲಿ ಜಿಯೊಸಿರಿಸ್‌ಗೆ ಪ್ರತ್ಯೇಕ ಕುಟುಂಬವನ್ನೇ ಕಟ್ಟಿಕೊಟ್ಟರು. 1981ರಲ್ಲಿ ಸಸ್ಯವಿಜ್ಞಾನಿ ಕ್ರಾಂಕ್ವಿಸ್ಟ್ ಅದನ್ನು ಬರ್ಮಾನಿಯಾದ ಜೊತೆಗೆ ಆರ್ಕಿಡ್‌ಗಳ ಗಣದಲ್ಲಿ ಕೂರಿಸಿದರು.

ಆದರೆ ಹೂವು ಬೇರೆಯದನ್ನೇ ಹೇಳುತ್ತಿತ್ತು. ಎರಡೂ ಕಡೆ ಕೇಸರಗಳು ಮೂರೇ, ನಿಜ; ಅವು ನಿಂತ ಜಾಗ ಮಾತ್ರ ಬೇರೆ. ಬರ್ಮಾನಿಯಾದಲ್ಲಿ ಅವು ಒಳಸುತ್ತಿನ ದಳಗಳಿಗೆ ಎದುರಾಗಿರುತ್ತವೆ, ಐರಿಸ್ ಕುಟುಂಬದಲ್ಲಿ ಹೊರಸುತ್ತಿನ ದಳಗಳಿಗೆ. ಜಿಯೊಸಿರಿಸ್‌ನಲ್ಲಿರುವುದು ಎರಡನೆಯ ಬಗೆ. ಎಲೆ ಕಳೆದುಕೊಳ್ಳುವುದು, ಬೀಜ ಸಣ್ಣದಾಗುವುದು ಇವೆಲ್ಲ ಶಿಲೀಂಧ್ರವನ್ನು ನಂಬಿದ ಬದುಕಿನ ಫಲ. ಯಾವ ಸಂಬಂಧವೂ ಇಲ್ಲದ ಗಿಡಗಳಲ್ಲೂ ಮತ್ತೆ ಮತ್ತೆ ಮೂಡುತ್ತವೆ. ಅವುಗಳನ್ನು ನೆಚ್ಚಿ ನಂಟು ಹೇಳಿದ್ದೇ ಎಡವಟ್ಟಾಯಿತೆಂದು ನನಗನ್ನಿಸುತ್ತದೆ. ಕೊನೆಗೆ ಡಿಎನ್‌ಎ ಹೋಲಿಕೆಯೂ ಬಯೋಂ ಅವರ ಪರವಾಗಿಯೇ ನಿಂತಿತು. ಜಿಯೊಸಿರಿಸ್ ಈಗ ಐರಿಸ್ ಕುಟುಂಬದೊಳಗೇ ಒಂದು ಉಪಕುಟುಂಬ.

ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಕುಲದಲ್ಲಿ ಒಂದೇ ಪ್ರಭೇದವಿತ್ತು. 2010ರಲ್ಲಿ ಮಡಗಾಸ್ಕರಿಗೆ ಹತ್ತಿರದ ಮಯೋಟ್ ದ್ವೀಪದಿಂದ ಬಿಳಿಹೂವಿನ ಎರಡನೆಯದನ್ನು ಗೋಲ್ಡ್‌ಬ್ಲಾಟ್ ಮತ್ತು ಮ್ಯಾನಿಂಗ್ ವರ್ಣಿಸಿದರು. ಮೂರನೆಯದು ಸಿಕ್ಕಿದ್ದು ಯಾರೂ ಹುಡುಕದ ಕಡೆ: ಹಿಂದೂ ಮಹಾಸಾಗರದಾಚೆ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಡೇನ್‌ಟ್ರೀ ಮಳೆಕಾಡಿನಲ್ಲಿ. 2017ರಲ್ಲಿ ಅದಕ್ಕೆ ಜಿಯೊಸಿರಿಸ್ ಆಸ್ಟ್ರೇಲಿಯೆನ್ಸಿಸ್ ಎಂಬ ಹೆಸರು ಬಂತು. ಮರುವರ್ಷ ಅದರ ಕ್ಲೋರೋಪ್ಲಾಸ್ಟ್ ಜೀನೋಮನ್ನು ಓದಿದಾಗ, ದ್ಯುತಿಸಂಶ್ಲೇಷಣೆಯ ಜೀನ್‌ಗಳು ಅಳಿದುಹೋಗಿರುವುದು ಕಂಡಿತು.