ಮುಂಗಾರಿಗೆ ಮುನ್ನ ಮನೆಯ ಉಗ್ರಾಣ

ರೋಹಿಣಿ ಮಳೆಯ ದಿನಗಳು ಕಳೆದು ಮೃಗಶಿರಾ ಹುಟ್ಟುವುದು ಜೂನ್ 8ರ ಸುಮಾರಿಗೆ. ಅಷ್ಟರೊಳಗೆ ಮಳೆಗಾಲಕ್ಕೆ ಬೇಕಾದ ದವಸ, ಬೇಳೆ, ಬೆಲ್ಲ, ಮೆಣಸಿನಕಾಯಿಗಳನ್ನು ಒಣಗಿಸಿ ಒಳಗಿಡಬೇಕೆಂಬುದನ್ನು ಶಿಕಾರಿಪುರ, ಸೊರಬ ತಾಲ್ಲೂಕುಗಳ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಪ್ರತಿವರ್ಷ ಆರಿದ್ರಾ ಮಳೆ ಹಿಡಿದ ಮೇಲೆ ಡಬ್ಬಿಯ ಮುಚ್ಚಳ ತೆಗೆದು, ಒಳಗಿನ ಹುಳುವನ್ನು ಕಂಡು ನಿಟ್ಟುಸಿರು ಬಿಡುವ ಮನೆಗಳು ಕಡಿಮೆಯೇನಲ್ಲ. ನಮ್ಮ ಮನೆಯೂ ಅವುಗಳಲ್ಲೊಂದಾಗಿತ್ತು.

ನನ್ನ ತವರು ಶಿಕಾರಿಪುರದ ಕಡೆ, ಸೇರಿದ ಮನೆ ಸೊರಬದ ಕಡೆ. ಶಿರಾಳಕೊಪ್ಪದ ಮಾರ್ಗವಾಗಿ ಎರಡು ಗಂಟೆಯೂ ಹಿಡಿಯದ ದಾರಿ. ಆದರೆ ಬಯಲುಸೀಮೆಯ ಸೆರಗಿನಲ್ಲಿರುವ ತವರಿನ ಗಾಳಿಗೂ ಮಲೆನಾಡಿಗೆ ಸೇರಿದ ಈ ಊರಿನ ಗಾಳಿಗೂ ಇರುವ ಅಂತರ ನನಗೆ ತಿಳಿದದ್ದು ತೊಗರಿಬೇಳೆಯಿಂದ. ಒಂದು ವರ್ಷ ಬೆಲೆ ಅಗ್ಗವೆಂದು 50 ಕಿಲೋ ಬೇಳೆಯ ಮೂಟೆಯನ್ನೇ ತರಿಸಿ, ತವರಿನಲ್ಲಿ ನೋಡಿದ ರೂಢಿಯಂತೆ ದೊಡ್ಡ ಡ್ರಮ್ಮಿಗೆ ಸುರಿದೆ. ತಳದಲ್ಲಿ ಹಳೆಯ ಬೇಳೆ ನಾಲ್ಕು ಸೇರಿನಷ್ಟಿತ್ತು. ಪುಷ್ಯ ಮಳೆಯ ಹೊತ್ತಿಗೆ ಡ್ರಮ್ಮಿನೊಳಗೆ ಕೈಯಿಟ್ಟರೆ ಬೆಚ್ಚಗಿತ್ತು. ಅತ್ತೆಯವರು ಒಂದು ಹಿಡಿ ತೆಗೆದು ಮೂಸಿ ನೋಡಿ, “ಹಳೆಯದರ ಮೇಲೆ ಹೊಸದನ್ನು ಸುರಿದೆಯೇನವ್ವಾ?” ಎಂದು ಇಷ್ಟೇ ಕೇಳಿದರು. ಅರ್ಧಕ್ಕರ್ಧ ಬೇಳೆ ಕಲಗಚ್ಚಿನ ಪಾಲಾಯಿತು. ಅಂದಿನಿಂದ ಅವರ ಕೈಕೆಳಗೆ ಉಗ್ರಾಣದ ಪಾಠ ಮತ್ತೊಮ್ಮೆ ಆರಂಭವಾಯಿತು.

ಮೊದಲ ಪಾಠ ಲೆಕ್ಕದ್ದು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 150 ಗ್ರಾಂ ಬೇಳೆ ಬೇಯುವುದಾದರೆ ತಿಂಗಳಿಗೆ ನಾಲ್ಕೂವರೆ ಕಿಲೋ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ 18 ಕಿಲೋ. ನಾನು ತರಿಸಿದ್ದು ಹನ್ನೊಂದು ತಿಂಗಳ ಬೇಳೆ! ಇಪ್ಪತ್ತು ಜನರ ಅವಿಭಕ್ತ ಕುಟುಂಬದಲ್ಲಿ ಮೂಟೆಗಟ್ಟಲೆ ಕೊಂಡದ್ದು ಹುಳು ಹುಟ್ಟುವ ಮೊದಲೇ ಮುಗಿದುಹೋಗುತ್ತಿತ್ತು. ಮನೆ ಚಿಕ್ಕದಾಗಿದೆ, ಕೊಳ್ಳುವ ಅಳತೆ ಮಾತ್ರ ಅಜ್ಜಿಯ ಕಾಲದ್ದೇ ಉಳಿದಿದೆ. ಮಾರಯ್ಯ ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಅದನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ಪುರಾಣ ಪ್ರವಚನಗಳಲ್ಲಿ ಭಕ್ತಿಯಿಂದ ಕೇಳುತ್ತೇವೆ, ಅಂಗಡಿಯಲ್ಲಿ ನಿಂತಾಗ ಮರೆಯುತ್ತೇವೆ.

ಹಾಗೆಂದು ತೀರ ಕೈಬಿಗಿದು ಕೊಳ್ಳುವುದೂ ಸಲ್ಲ. ಮನೆಗೆ ಜಂಗಮರು ದಯಮಾಡಿಸಬಹುದು, ಬೀಗರು ಬರಬಹುದು. ಬಂದವರಿಗೆ ಅನ್ನವಿಕ್ಕುವುದು ಈ ನೆಲಕ್ಕೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವು ದೀನರಿಗೂ ಅಂಗವಿಕಲರಿಗೂ ಅನ್ನ ದೊರೆಯುವ, ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಳವೆಂದು 1162ರ ಶಾಸನವೇ ಹೇಳುತ್ತದೆ. ಆದಕಾರಣ ಮನೆಯ ಲೆಕ್ಕಕ್ಕೆ ಅತಿಥಿಗಳ ಪಾಲೆಂದು ನಾಲ್ಕರಲ್ಲೊಂದು ಭಾಗ ಸೇರಿಸಿಕೊಳ್ಳುವುದು ನಮ್ಮ ಅತ್ತೆಯವರ ಕ್ರಮ. ಬೇಳೆಯಾದರೆ 18ಕ್ಕೆ ನಾಲ್ಕೂವರೆ ಸೇರಿಸಿ ಇಪ್ಪತ್ತೆರಡೂವರೆ ಕಿಲೋ, ಅಲ್ಲಿಗೆ ನಿಲ್ಲಿಸುವುದು.

ಎರಡನೆಯದು ಒಣಗಿಸುವಿಕೆ. ಧಾನ್ಯದಲ್ಲಿ ತೇವಾಂಶ ನೂರಕ್ಕೆ 12ರ ಆಸುಪಾಸಿನಲ್ಲಿದ್ದರೆ ಕೆಡುವ ಭಯ ಕಡಿಮೆ. 14ನ್ನು ಮೀರಿದರೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಇದನ್ನು ಅಳೆಯಲು ಹಲ್ಲೇ ಸಾಕು. ಕಾಳನ್ನು ಕಡಿದಾಗ ‘ಕಟ್’ ಎಂದು ಒಡೆಯಬೇಕು, ಮೆತ್ತಗೆ ಜಜ್ಜಿದರೆ ಇನ್ನೂ ಬಿಸಿಲು ಬೇಕೆಂದರ್ಥ. ಬೇಳೆಕಾಳುಗಳನ್ನು ಬಿಸಿಲಿಗೆ ಹರವಿ. ಅಕ್ಕಿಯನ್ನು ಮಾತ್ರ ನೆರಳಿನಲ್ಲಿ ಆರಿಸುವುದು ಲೇಸು, ಕಡುಬಿಸಿಲಿಗೆ ಅಕ್ಕಿ ಬಿರುಕು ಬಿಟ್ಟು ಅನ್ನ ಮುದ್ದೆಯಾಗುತ್ತದೆ. ಬಿಸಿಲಿನಿಂದ ತೆಗೆದ ಕಾಳನ್ನು ಬಿಸಿಯಾಗಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಬಾರದು. ಒಳಗೆ ಬೆವರಿ, ಒಣಗಿಸಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಸಂಜೆಗೆ ಒಳತಂದು, ರಾತ್ರಿ ಆರಲು ಬಿಟ್ಟು ಬೆಳಗ್ಗೆ ತುಂಬತಕ್ಕದ್ದು.

ಶುಚಿಯಾಗಿ ಆರಿಸಿದ ಅಕ್ಕಿಯಲ್ಲಿಯೂ ಒಂದು ತಿಂಗಳಿಗೆ ಹುಳು ಕಾಣಿಸಿತೆಂದು ಅಂಗಡಿಯವನನ್ನು ದೂರುವವರುಂಟು. ಮೂತಿಹುಳುವಿನ ಹೆಣ್ಣು ಕಾಳನ್ನು ಕೊರೆದು ಅದರೊಳಗೆ ಮೊಟ್ಟೆಯಿಟ್ಟು ತೂತನ್ನು ಮುಚ್ಚಿಬಿಡುತ್ತದೆ. ಮೊರವೂ ಜರಡಿಯೂ ಅದನ್ನು ಹಿಡಿಯಲಾರವು. ನಮ್ಮ ಹಿರಿಯರು ಅಕ್ಕಿಯನ್ನಲ್ಲದೆ ಭತ್ತವನ್ನೇ ಪಣತದಲ್ಲಿ ತುಂಬಿಟ್ಟು ಬೇಕಾದಷ್ಟನ್ನೇ ಆಗಾಗ ಅಕ್ಕಿ ಮಾಡಿಸುತ್ತಿದ್ದುದು ಇದಕ್ಕಾಗಿಯೇ, ಸಿಪ್ಪೆಯೇ ಕಾಳಿಗೆ ಕವಚ. ಬಯಲುಸೀಮೆಯ ಹಗೇವಿನ ಗುಟ್ಟು ಬೇರೆ. ನೆಲದೊಳಗೆ ಬಿಗಿಯಾಗಿ ಮುಚ್ಚಿದ ಜೋಳವು ಒಳಗಿನ ಗಾಳಿಯನ್ನು ಕೆಡಿಸಿ ಹುಳುವನ್ನು ಉಸಿರುಗಟ್ಟಿಸುತ್ತಿತ್ತು. ಹಗೇವಿನ ಬಾಯಿ ತೆರೆದಾಗ ದೀಪವನ್ನಿಳಿಸಿ ನೋಡದೆ ಯಾರನ್ನೂ ಇಳಿಸುತ್ತಿರಲಿಲ್ಲ.

ಇದೇ ತತ್ತ್ವ ನಮ್ಮ ತಗಡಿನ ಡಬ್ಬಿಗೂ ಅನ್ವಯಿಸುತ್ತದೆ. ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಹುಳುವಿಗೆ ಗಾಳಿ ಸಾಲದು. ಅರ್ಧ ಖಾಲಿಯಾದ, ದಿನಕ್ಕೆರಡು ಬಾರಿ ತೆರೆಯುವ ಡ್ರಮ್ಮು ಅದಕ್ಕೆ ಅರಮನೆ. ಆದ್ದರಿಂದ ಒಂದು ದೊಡ್ಡ ಡ್ರಮ್ಮಿಗಿಂತ ಐದೈದು ಕಿಲೋದ ನಾಲ್ಕಾರು ಡಬ್ಬಿಗಳು ಮೇಲು. ಒಂದನ್ನು ತೆರೆದು ಮುಗಿಸುವವರೆಗೆ ಉಳಿದವುಗಳ ಮುಚ್ಚಳ ಮುಟ್ಟಕೂಡದು. ಡಬ್ಬಿಯ ಮೇಲೆ ತುಂಬಿದ ತಿಂಗಳನ್ನು ಬರೆದು ಹಳೆಯದನ್ನು ಮುಂದಕ್ಕೂ ಹೊಸದನ್ನು ಹಿಂದಕ್ಕೂ ಇಡಿರಿ. ಅಕ್ಷರ ಬಾರದ ನಮ್ಮ ಅತ್ತೆಯವರು ಸುಣ್ಣದ ಗೆರೆಗಳಿಂದಲೇ ಈ ಕೆಲಸ ನಡೆಸುತ್ತಿದ್ದರು. ಮೂಟೆಗಳನ್ನು ಸಿಮೆಂಟ್ ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರವಿಡಬೇಕು.

ಬೇವಿನ ಎಲೆ, ಲಕ್ಕಿ ಸೊಪ್ಪುಗಳನ್ನು ಹಾಕುವುದಾದರೆ ನೆರಳಲ್ಲಿ ಗರಿಗರಿಯಾಗಿ ಒಣಗಿಸಿ ಹಾಕಿ, ಹಸಿ ಎಲೆ ತೇವವನ್ನೇ ತರುತ್ತದೆ. ಇಡಿಯ ಕಾಳುಗಳಿಗೆ ತೆಳುವಾಗಿ ಹರಳೆಣ್ಣೆ ಸವರುವುದು ಹಳೆಯ ಉಪಾಯ, ಇಂದಿಗೂ ಒಳ್ಳೆಯದು. ಆದರೆ ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಬಟ್ಟೆಯಲ್ಲಿ ಕಟ್ಟಿ ಅಕ್ಕಿಯ ಚೀಲದೊಳಗಿಡುವ ದುಸ್ಸಾಹಸಕ್ಕೆ ಯಾರೂ ಕೈಹಾಕಬಾರದು. ಅದು ತೇವ ತಗುಲಿದೊಡನೆ ವಿಷಾನಿಲವನ್ನು ಬಿಡುತ್ತದೆ. ಆ ವಿಷಕ್ಕೆ ಪ್ರತ್ಯೌಷಧವಿಲ್ಲ. ಚೀಲವಿರುವ ಕೋಣೆಯಲ್ಲಿಯೇ ಮಕ್ಕಳು ಮಲಗುವ ಮನೆಗಳನ್ನು ನಾನು ಕಂಡಿರುವುದರಿಂದ ಇಷ್ಟು ಕಟುವಾಗಿ ಬರೆಯಬೇಕಾಗಿದೆ. ಹುಳುವನ್ನು ಆರಿಸಬಹುದು, ಮಗುವನ್ನು ಮರಳಿ ತರಲಾಗದು. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳಗಳ ವಿಷಯದಲ್ಲಿಯೂ ಜಿಪುಣತನ ಬೇಡ. ಅವುಗಳಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವು ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ಹೋಗುವುದಿಲ್ಲ. ತಾವು ತಿನ್ನದ್ದನ್ನು ದನಕ್ಕೂ ಹಾಕಬೇಡಿ.

ಇನ್ನು ಸಂಬಾರ ಪದಾರ್ಥಗಳು. ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯೂ ಬಿಸಿಯೂ ಸದಾ ಆಡುತ್ತಿದ್ದುದರಿಂದ ಅಲ್ಲಿಟ್ಟದ್ದು ಮಳೆಗಾಲದಲ್ಲಿಯೂ ಒಣಗಿರುತ್ತಿತ್ತು. ಆ ನೆನಪಿನಿಂದಲೋ ಏನೋ ಗ್ಯಾಸ್ ಒಲೆಯ ಮೇಲ್ಗಡೆಯೇ ಮಸಾಲೆಯ ಕಪಾಟು ಮಾಡಿಸುತ್ತಾರೆ. ಅಲ್ಲಿ ಏರುವುದು ಅನ್ನದ ಹಬೆ. ಒಲೆಯಿಂದ ದೂರ, ಬೆಳಕು ಬೀಳದ ಕಡೆ ಇಡುವುದೇ ಸರಿ. ಬ್ಯಾಡಗಿ ಮೆಣಸಿನಕಾಯಿಯನ್ನು ನಾವು ಕೊಳ್ಳುವುದು ಬಣ್ಣಕ್ಕಾಗಿ. ಬೆಳಕು, ಬಿಸಿಗಳಿಗೆ ಮೊದಲು ಹೋಗುವುದೂ ಆ ಬಣ್ಣವೇ. ತೊಟ್ಟು ಸಹಿತ ಒಣಗಿಸಿ ಇಡಿಯಾಗಿ ಇಟ್ಟು, ಖಾರದ ಪುಡಿಯನ್ನು ಎರಡು ತಿಂಗಳಿಗಾಗುವಷ್ಟೇ ಕುಟ್ಟಿಸಿದರೆ ಸಾಕು. ಕೊತ್ತಂಬರಿ, ಜೀರಿಗೆ, ಕಾಳುಮೆಣಸುಗಳಿಗೂ ಇದೇ ನಿಯಮ. ಏಲಕ್ಕಿ ಸಿಪ್ಪೆಯೊಳಗೇ ಇರಲಿ. ಇಂಗನ್ನು ಬೇರೆ ಡಬ್ಬಿಯಲ್ಲಿಡದಿದ್ದರೆ ಕಪಾಟಿನ ಸಾಮಾನೆಲ್ಲ ಇಂಗೇ ಆಗುತ್ತದೆ. ಉಪ್ಪು, ಹುಣಿಸೆಹಣ್ಣುಗಳಿಗೆ ಲೋಹದ ಡಬ್ಬಿ ಬೇಡ, ಪಿಂಗಾಣಿ ಭರಣಿಯೇ ಯೋಗ್ಯ.

ಒಗ್ಗರಣೆ ಡಬ್ಬಿಗೆ ವಾರಕ್ಕೆ ಬೇಕಾದಷ್ಟನ್ನು ಮಾತ್ರ ತುಂಬಿರಿ. ಬಟ್ಟಲು ಬರಿದಾದಾಗ ಅದರ ಮೇಲೆಯೇ ಸುರಿಯದೆ ತೊಳೆದು, ಒರೆಸಿ, ಚೆನ್ನಾಗಿ ಒಣಗಿದ ಬಳಿಕ ತುಂಬುವುದು. ನಮ್ಮ ಮನೆಯಲ್ಲಿ ಈ ಕೆಲಸ ಸೋಮವಾರ ಬೆಳಗಿನ ಲಿಂಗಪೂಜೆಯ ನಂತರ, ಒಲೆ ಹಚ್ಚುವುದಕ್ಕೆ ಮೊದಲು ನಡೆಯುತ್ತದೆ.