ಹಿತ್ತಿಲ ಹುಣಸೆಯಲ್ಲಿ ಹೆಜ್ಜಾರ್ಲೆಯ ಸಂಸಾರ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರು ಸಿಗುವ ಮುಂಚೆ ರುದ್ರಾಕ್ಷಿಪುರದ ಬಳಿ ಎಡಕ್ಕೆ ಹೊರಳಿದರೆ ಸುಮಾರು 12 ಕಿಲೋಮೀಟರ್ ದೂರದಲ್ಲಿ ಕೊಕ್ಕರೆ ಬೆಳ್ಳೂರು. ರಂಗನತಿಟ್ಟಿನಂತೆ ಇಲ್ಲಿ ನದಿಯ ನಡುಗಡ್ಡೆ ಇಲ್ಲ, ದೋಣಿ ಇಲ್ಲ. ಮಂಡ್ಯ ಸೀಮೆಯ ಯಾವುದೇ ಹಳ್ಳಿಯಂತೆ ಹೆಂಚಿನ ಮನೆ, ತಿಪ್ಪೆ, ಹುಲ್ಲಿನ ಮೆದೆ, ಕಟ್ಟಿಹಾಕಿದ ಎಮ್ಮೆ. ತಲೆ ಎತ್ತಿದರೆ ಮಾತ್ರ ಊರು ಬೇರೆಯೇ.

ಫೆಬ್ರವರಿಯ ಬೆಳಗು. ಮೊದಲ ಓಣಿ ತಿರುಗುತ್ತಲೇ ಒಂದು ಮನೆಯ ಹಿಂದೆ ದೊಡ್ಡ ಹುಣಸೆಮರ. ಕೊಂಬೆಕೊಂಬೆಗೂ ಕಡ್ಡಿಯ ಅಟ್ಟಣಿಗೆಗಳು. ಬಣ್ಣದ ಕೊಕ್ಕರೆಗಳು ಮಾಡುವ ಸದ್ದೆಂದರೆ ಕೊಕ್ಕು ಬಡಿಯುವ ಟಕಟಕ; ಗಲಾಟೆಯೆಲ್ಲ ಮರಿಗಳದು. ಊಟದ ಕ್ರಮ ನೋಡುವಂಥದ್ದು. ಕೊಕ್ಕರೆ ನುಂಗಿ ತಂದ ಮೀನನ್ನು ಗೂಡಿನ ನೆಲಕ್ಕೆ ಕಕ್ಕುತ್ತದೆ, ಮರಿಗಳು ಹೆಕ್ಕುತ್ತವೆ. ಹೆಜ್ಜಾರ್ಲೆಯ, ಅಂದರೆ ಪೆಲಿಕನ್ ಹಕ್ಕಿಯ, ಮರಿಗೆ ಅಷ್ಟು ತಾಳ್ಮೆ ಇಲ್ಲ. ತಾಯಿಯದೋ ತಂದೆಯದೋ ಕೊಕ್ಕಿನ ಕೆಳಗಿನ ಚೀಲಕ್ಕೆ ತಲೆ ತೂರಿಸಿ, ಕತ್ತಿನವರೆಗೂ ಇಳಿದು ಉಣ್ಣುತ್ತದೆ. ಬಿಸಿಲು ಏರಿದಂತೆ ಕೊಕ್ಕರೆಗಳು ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ನಿಲ್ಲುತ್ತವೆ.

ಮರದ ಬುಡಕ್ಕೆ ಹೋದರೆ ಈ ಚಂದದ ಬೆಲೆ ಏನೆಂದು ತಿಳಿಯುತ್ತದೆ. ಎಲೆ, ಕಾಯಿ, ನೆಲ ಎಲ್ಲವೂ ಹಿಕ್ಕೆಯಿಂದ ಬೆಳ್ಳಗೆ. ಕೊಳೆತ ಮೀನಿನ ನಾತ. ಹುಣಸೆ ಕಾಯಿ ಬಲಿಯುವ ಕಾಲಕ್ಕೇ ಹಕ್ಕಿಗಳ ಬಾಣಂತನವೂ ಬೀಳುವುದರಿಂದ ಫಸಲು ಕೈಗೆ ಹತ್ತುವುದಿಲ್ಲ. ಆದರೂ ಓಡಿಸುವುದಿಲ್ಲವೇ ಎಂದರೆ, ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತದೆ, “ಬಸ್ರಿ ಹೆಣ್ಮಗ್ಳು ತವ್ರಿಗೆ ಬಂದ್ರೆ ಬ್ಯಾಡ ಅನ್ನಕ್ಕಾಯ್ತದಾ ಸಾಮಿ?” ಎಂದರು. ಈ ಮಾತು ಅವರೊಬ್ಬರದಲ್ಲ, ಇಡೀ ಊರಿನದು. ಹಿಂದೆ ಪ್ಲೇಗಿನ ಕಾಲದಲ್ಲಿ ಊರು ಶಿಂಷಾ ದಡ ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಜೊತೆಗೇ ಬಂದವು ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ.

ನಂಬಿಕೆಯ ಜೊತೆಗೆ ಲೆಕ್ಕಾಚಾರವೂ ಉಂಟು. ಮರದ ಸುತ್ತ ಗುಂಡಿ ತೆಗೆದು ಕೆರೆಯ ಗೋಡು ತುಂಬುತ್ತಾರೆ. ತಿಂಗಳುಗಟ್ಟಲೆ ಹಿಕ್ಕೆ ಬಿದ್ದು ಬೆರೆತ ಆ ಮಣ್ಣು ಸಾರಜನಕ, ರಂಜಕ ತುಂಬಿದ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಆ ಬಳಿಕ, ಗೂಡಿರುವ ಮರದ ಒಡೆಯರಿಗೆ ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಹಾಗೆಂದು ಮರ ಸರ್ಕಾರದ್ದಾಗಲಿಲ್ಲ, ಮನೆಯವರದೇ. ಅಣ್ಣತಮ್ಮಂದಿರ ಪಾಲಾದಾಗ, ಹೊಸ ಮನೆಗೆ ಪಾಯ ತೆಗೆದಾಗ ಮರ ಉಳಿದೀತೇ ಎಂಬುದನ್ನು ಕೊನೆಗೂ ತೀರ್ಮಾನಿಸುವುದು ಅಡುಗೆಮನೆಯ ಮಾತುಕತೆಯೇ.

ಮುಂದೆ ಬಲೆ ಹೊದಿಸಿದ ಒಂದು ಆವರಣ. ಗಾಳಿಗೋ ಒಡಹುಟ್ಟಿದವರ ಜಗಳಕ್ಕೋ ಗೂಡಿನಿಂದ ಬಿದ್ದ ಮರಿಗೆ ಹೆತ್ತ ಹಕ್ಕಿಗಳು ನೆಲಕ್ಕಿಳಿದು ಗುಟುಕು ಕೊಡುವುದಿಲ್ಲ. ಬಿಟ್ಟರೆ ನಾಯಿಯ ಪಾಲು. ಅಂಥ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ಹಾರಲು ಬಲವಾದ ಮೇಲೆ ಬಿಡುವ ಕೆಲಸವನ್ನು ಊರಿನ ‘ಹೆಜ್ಜಾರ್ಲೆ ಬಳಗ’ದ ಹುಡುಗರು 1990ರ ದಶಕದಿಂದ ರೂಢಿಸಿಕೊಂಡರು, ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರು ಬೆನ್ನಿಗೆ ನಿಂತರು. ಊರಿನವರು ಕೈಯಾರೆ ಉಣಿಸುವುದು ಇಷ್ಟೇ. ಉಳಿದ ಸಾವಿರ ಹೊಟ್ಟೆಗಳ ಊಟ ಹೊರಗಿನದು: ಶಿಂಷಾ ಹೊಳೆ, ತೈಲೂರು ಕೆರೆ, ಸುತ್ತಲಿನ ಸಣ್ಣಪುಟ್ಟ ಕಟ್ಟೆಗಳು. ಆ ನೀರು ಕೆಟ್ಟರೆ ಹಿತ್ತಿಲ ಮರ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. 2017ರ ಕೊನೆಗೆ ಶುರುವಾಗಿ 2018ರಲ್ಲೂ ಇಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬಿದ್ದವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಜಂತುಹುಳುಗಳಿದ್ದವು. ಅನುಮಾನ ಹೋದದ್ದು ಕೆರೆಗಳ ಮೀನಿನ ಮೇಲೆ, ಕೊಳೆತ ನೀರಿನ ಮೇಲೆ.

ಓಣಿ ಸುತ್ತಿ ಬರುವಾಗ, ಹಕ್ಕಿ ಕರೆಯಲೆಂದು ಪೇಟೆಯ ಮನೆಗಳಲ್ಲಿ ನಾವು ನಡೆಸುವ ಉಪಚಾರ ನೆನಪಾಯಿತು. ತಾರಸಿಯ ಮೇಲೆ ಮೂಟೆಗಟ್ಟಲೆ ಕಾಳು ಚೆಲ್ಲಿದರೆ ಬರುವುದು ಪಾರಿವಾಳದ ಹಿಂಡು. ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗೆ ಕೊಡುವುದು ಹುಳುಹುಪ್ಪಟೆ. ಔಷಧಿ ಹೊಡೆದು ಹುಳುವನ್ನೆಲ್ಲ ಕೊಂದ ಕೈತೋಟದಲ್ಲಿ ಅದು ಸಂಸಾರ ಹೂಡದು. ಕಾಳಿನ ಕಾಸಿನಲ್ಲಿ ಒಂದು ಕರಿಬೇವಿನ ಗಿಡ ಹಾಕಿದರೆ ಅದರ ಕಪ್ಪು ಹಣ್ಣಿಗೆ ಪಿಕಳಾರ ಬರುತ್ತದೆ, ಎಲೆಗೆ ಚಿಟ್ಟೆ ಮೊಟ್ಟೆ ಇಡುತ್ತದೆ. ದಾಸವಾಳದ ಬೇಲಿಗೆ ಸೂರಕ್ಕಿ ಬರುತ್ತದೆ. ಎರಡು ಬೆರಳು ಆಳದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನವೂ ಬದಲಿಸಿದರೆ ಸೊಳ್ಳೆಯೂ ಆಗದು. ಉದುರಿದ ಎಲೆಯನ್ನು ಸುಡದೆ ಮೂಲೆಗೆ ಒಟ್ಟಿದರೆ ಹರಟೆಮಲ್ಲಗಳು ತಾವೇ ಕೆದಕಿ ತಿನ್ನುತ್ತವೆ. ಬೆಳ್ಳೂರಿನವರು ಯಾವ ಹಕ್ಕಿಗೂ ಕರೆಯೋಲೆ ಕಳಿಸಿದವರಲ್ಲ. ಮರ ಕಡಿಯಲಿಲ್ಲ, ಕಲ್ಲು ಬೀರಲಿಲ್ಲ, ನಾತ ಸಹಿಸಿಕೊಂಡರು. ಅಷ್ಟಕ್ಕೇ ಎರಡೂವರೆ ಮೀಟರ್ ರೆಕ್ಕೆಯಗಲದ ಹಕ್ಕಿ ಸೂರಿನ ಮೇಲೆ ಬಂದು ಕೂತಿತು.

ಹೋಗುವವರಿಗೆ ಒಂದಿಷ್ಟು ಮಾಹಿತಿ. ಬೆಂಗಳೂರಿನಿಂದ ಸುಮಾರು 85 ಕಿಲೋಮೀಟರ್. ಹಕ್ಕಿಗಳು ಚಳಿಗಾಲದ ಮೊದಲಿಗೆ ಬಂದು ಮುಂಗಾರಿನ ಹೊತ್ತಿಗೆ ಮರಳುತ್ತವೆ. ಮರಿಗಳನ್ನು ನೋಡಲು ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಬೆಳಿಗ್ಗೆ ಬೇಗ ಹೋಗಿ. ಟೋಪಿ ಇರಲಿ, ಬಿಸಿಲಿಗಷ್ಟೇ ಅಲ್ಲ, ಹಿಕ್ಕೆಗೂ. ಚಪ್ಪಾಳೆ ತಟ್ಟಿ ಹಾರಿಸಬೇಡಿ: ಗಾಬರಿಯಲ್ಲಿ ತಾಯಿ ಎದ್ದರೆ ಮೊಟ್ಟೆ, ಮರಿ ಕೆಳಗುರುಳುತ್ತವೆ. ಗೂಡಿರುವ ಮರಗಳು ಯಾರದೋ ಮನೆಯವು. ಹಿತ್ತಿಲಿಗೆ ಕಾಲಿಡುವ ಮುನ್ನ ಜಗಲಿಯಲ್ಲಿ ಕೂತವರನ್ನು ಒಂದು ಮಾತು ಕೇಳಿ.