ಒರೆಯೊಳಗಿನ ರಿವಾಲ್ವರ್: ಹೊರುವ ಬಗೆಯ ವಿಜ್ಞಾನ

ಒಂದೇ ಕೈಯಲ್ಲಿ ಹಿಡಿದು ಹಾರಿಸಬಹುದಾದ ರಿವಾಲ್ವರ್ ಮತ್ತು ಪಿಸ್ತೂಲುಗಳನ್ನು ಒಟ್ಟಾಗಿ ಕೈಬಂದೂಕು ಎನ್ನಬಹುದು. ಆತ್ಮರಕ್ಷಣೆಗೆಂದು ಪರವಾನಗಿಯ ಮೇಲೆ ಇಟ್ಟುಕೊಂಡ ಕೈಬಂದೂಕಿನಿಂದ ಗುಂಡು ಹಾರಿಸುವ ಪ್ರಸಂಗ ಮಾಲೀಕನ ಜೀವಮಾನದಲ್ಲಿ ಹಲವು ವೇಳೆ ಒಂದು ಸಲವೂ ಬರುವುದಿಲ್ಲ. ಉಳಿದ ಕಾಲವನ್ನೆಲ್ಲ ಅದು ಅವನ ಸೊಂಟದ ಮೇಲೆ, ಮೋಟಾರ್ ಸೈಕಲ್ಲಿನ ಕುಲುಕಾಟದಲ್ಲಿ, ಹೊಲದ ಧೂಳಿನಲ್ಲಿ, ಬೆವರಿನಲ್ಲಿ ಕಳೆಯುತ್ತದೆ. ಆದ್ದರಿಂದ ಈ ಯಂತ್ರದಿಂದ ಆಗಬಹುದಾದ ಅಪಾಯವನ್ನು ಅಳೆಯುವಾಗ ಅದು ಹೇಗೆ ಹಾರುತ್ತದೆ ಎಂಬುದರಷ್ಟೇ ಗಂಭೀರವಾಗಿ ಅದನ್ನು ಹೇಗೆ ಹೊರಲಾಗುತ್ತದೆ ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಬಿಸಿಲು, ಉಡುಪು ಮತ್ತು ದಾರಿಗಳು ಈ ಪರಿಶೀಲನೆಗೆ ತಮ್ಮದೇ ಆದ ಪ್ರಶ್ನೆಗಳನ್ನು ಒಡ್ಡುತ್ತವೆ.

ಈ ಸೀಮೆಗೂ ಆಯುಧ ಕಾನೂನಿಗೂ ಹಳೆಯ ನಂಟಿದೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಒಪ್ಪದೆ ಅದೇ ವರ್ಷದ ನವೆಂಬರಿನಲ್ಲಿ ಬಂಡೆದ್ದ ಬೇಡರ ಹಲಗಲಿಯು 1997ರವರೆಗೆ ಅಂದಿನ ವಿಜಾಪುರ, ಎಂದರೆ ಇಂದಿನ ವಿಜಯಪುರ ಜಿಲ್ಲೆಗೇ ಸೇರಿತ್ತು, ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಇಂದು ಜಾರಿಯಲ್ಲಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರಡಿ ರೂಪಿಸಿದ 2016ರ ನಿಯಮಗಳು. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಒಯ್ಯುವವನು ಅದಕ್ಕೆಂದೇ ತಯಾರಿಸಿದ, ಮೈಗೆ ಕಟ್ಟಿಕೊಂಡ ಹೋಲ್‌ಸ್ಟರಿನಲ್ಲಿ, ಎಂದರೆ ಒರೆಯಲ್ಲಿ, ಇಲ್ಲವೆ ಬೆನ್ನುಚೀಲದಂಥ ಸಾಧನದಲ್ಲಿ ಇರಿಸಬೇಕು. ಆಯುಧ ಪೂರ್ತಿಯಾಗಿ ಮುಚ್ಚಿರಬೇಕು. ಒಯ್ಯುವವನಿಗೆ ಅದರ ಮೇಲೆ ಪರಿಣಾಮಕಾರಿ ಹಿಡಿತವಿರಬೇಕು ಎಂದು ಆ ನಿಯಮಗಳು ವಿಧಿಸುತ್ತವೆ. ಹೀಗಾಗಿ ಆಯುಧವನ್ನು ಕಾಣದಂತೆ ಇರಿಸಿಕೊಳ್ಳುವುದು ಇಲ್ಲಿ ಮಾಲೀಕನ ಇಷ್ಟಕ್ಕೆ ಬಿಟ್ಟ ಸಂಗತಿಯಾಗಿ ಉಳಿದಿಲ್ಲ. ಮದುವೆ ಮೆರವಣಿಗೆಯಲ್ಲಿ ಸೊಂಟದ ಪಿಸ್ತೂಲು ನಾಲ್ಕು ಜನರ ಕಣ್ಣಿಗೆ ಬೀಳಲೆಂದು ಅಂಗಿ ಸರಿಸಿಕೊಳ್ಳುವುದು ನಿಯಮಕ್ಕೂ ವಿವೇಕಕ್ಕೂ ವಿರುದ್ಧವಾದದ್ದು. ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಪ್ರಾಣವನ್ನು ಅಪಾಯಕ್ಕೆ ಒಡ್ಡುವುದನ್ನಂತೂ 2019ರ ತಿದ್ದುಪಡಿ ಸ್ಪಷ್ಟವಾಗಿ ಅಪರಾಧವೆಂದು ಘೋಷಿಸಿದೆ.

ಸಾಮಾನ್ಯ ನಾಗರಿಕರಿಗೆ ಪರವಾನಗಿಯ ಮೇಲೆ ಸಿಗುವ ಕೈಬಂದೂಕುಗಳಲ್ಲಿ ಹೆಚ್ಚು ಪರಿಚಿತವಾದದ್ದು ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32 ರಿವಾಲ್ವರ್. ಬ್ರಿಟಿಷರ ವೆಬ್ಲಿ ರಿವಾಲ್ವರಿನ ಮಾದರಿಯನ್ನು ಅನುಸರಿಸಿದ ಇದರ ತೂಕ ಸುಮಾರು 700 ಗ್ರಾಂ, ನಳಿಕೆಯ ಉದ್ದ ಮೂರು ಅಂಗುಲ, ಗುಂಡಿನ ವೇಗ ಸೆಕೆಂಡಿಗೆ ಸುಮಾರು 200 ಮೀಟರ್. 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರನ್ನು ಗಮನದಲ್ಲಿರಿಸಿ ಹೊರತಂದ ‘ನಿರ್ಭೀಕ್’ ಇದೇ ಅಳತೆಯ ಗುಂಡನ್ನು ಬಳಸಿದರೂ ಟೈಟಾನಿಯಂ ಮಿಶ್ರಲೋಹದಿಂದಾಗಿ 500 ಗ್ರಾಮಿಗೆ ಇಳಿಯಿತು. ಬೆಳಗಿನಿಂದ ಸಂಜೆಯವರೆಗೆ ಹೊರುವವನಿಗೆ ಈ 200 ಗ್ರಾಮಿನ ವ್ಯತ್ಯಾಸ ಸಣ್ಣದಲ್ಲ, ಆದರೆ ಹಗುರವಾದಷ್ಟೂ ಹಾರಿಸುವಾಗಿನ ಹಿಂದೊದೆತ ಹೆಚ್ಚುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೊರುವಾಗಿನ ಅಪಾಯ ಎಲ್ಲಿದೆ ಎಂದು ತಿಳಿಯಲು ಯಂತ್ರದ ಒಳಗನ್ನು ನೋಡಬೇಕು. ಕಾಡತೂಸಿನ ತಳದಲ್ಲಿ ಪ್ರೈಮರ್ ಎಂಬ ಪುಟ್ಟ ಲೋಹದ ಬಟ್ಟಲಿದ್ದು, ಏಟು ಬಿದ್ದೊಡನೆ ಹೊತ್ತಿಕೊಳ್ಳುವ ರಾಸಾಯನಿಕ ಅದರಲ್ಲಿರುತ್ತದೆ. ಟ್ರಿಗರ್ ಎಳೆದಾಗ ಹಿಂದಕ್ಕೆ ಸರಿದ ಹ್ಯಾಮರ್ ಸ್ಪ್ರಿಂಗಿನ ಬಲದಿಂದ ಮುನ್ನುಗ್ಗಿ, ಫೈರಿಂಗ್ ಪಿನ್ ಎಂಬ ಮೊಳೆಯ ಮೂಲಕ ಪ್ರೈಮರನ್ನು ಕುಟ್ಟುತ್ತದೆ. ಹಳೆಯ ಹಲವು ರಿವಾಲ್ವರುಗಳಲ್ಲಿ ಹ್ಯಾಮರ್ ವಿಶ್ರಾಂತ ಸ್ಥಿತಿಯಲ್ಲಿಯೂ ಪ್ರೈಮರಿಗೆ ತಾಗಿಕೊಂಡೇ ಕೂರುತ್ತಿದ್ದುದರಿಂದ, ಆಯುಧ ಕೈಜಾರಿ ಹ್ಯಾಮರಿನ ಬೆನ್ನಿನ ಮೇಲೆ ಬಿದ್ದರೆ ಸಾಕು, ಗುಂಡು ಹಾರುತ್ತಿತ್ತು. 700 ಗ್ರಾಂ ತೂಕದ ವಸ್ತು ಸೊಂಟದೆತ್ತರದ ಒಂದು ಮೀಟರಿನಿಂದ ಬಿದ್ದಾಗ ನೆಲ ತಲುಪುವ ಹೊತ್ತಿಗೆ ಅದರಲ್ಲಿ ಸುಮಾರು 7 ಜೂಲ್ ಶಕ್ತಿಯಿರುತ್ತದೆ. ಪ್ರೈಮರ್ ಹೊತ್ತಿಕೊಳ್ಳಲು ಅದರ ಒಂದು ಸಣ್ಣ ಪಾಲು ಸಾಕು. ಈ ಕಾರಣದಿಂದಲೇ ಹಿಂದಿನ ಕಾಲದ ಎಚ್ಚರಿಕೆಯ ಜನ ಆರು ಗುಂಡಿನ ರಿವಾಲ್ವರಿಗೆ ಐದೇ ಗುಂಡು ತುಂಬಿ, ಹ್ಯಾಮರಿನ ಕೆಳಗಿನ ಕೋಣೆಯನ್ನು ಖಾಲಿ ಬಿಡುತ್ತಿದ್ದರು.

1944ರಲ್ಲಿ ಅಮೆರಿಕದ ಯುದ್ಧನೌಕೆಯೊಂದರ ಡೆಕ್ಕಿನ ಮೇಲೆ ಬಿದ್ದ ಸ್ಮಿತ್ ಆ್ಯಂಡ್ ವೆಸ್ಸನ್ ರಿವಾಲ್ವರ್ ಸಿಡಿದು ನಾವಿಕನೊಬ್ಬ ಸತ್ತ ನಂತರ, ಟ್ರಿಗರ್ ಎಳೆಯದ ಹೊರತು ಹ್ಯಾಮರ್ ಮುಂದೆ ಹೋಗದಂತೆ ತಡೆಯುವ ಉಕ್ಕಿನ ಪಟ್ಟಿಯನ್ನು ಆ ಕಂಪನಿ ಬಲಪಡಿಸಿ ಅಳವಡಿಸಿತು. ಇನ್ನೊಂದು ಬಗೆಯ ಏರ್ಪಾಡಿನಲ್ಲಿ ಹ್ಯಾಮರ್ ತಾನಾಗಿ ಫೈರಿಂಗ್ ಪಿನ್ನನ್ನು ಮುಟ್ಟುವಂತೆಯೇ ಇಲ್ಲ. ಟ್ರಿಗರನ್ನು ಪೂರ್ತಿ ಎಳೆದಾಗ ಮಾತ್ರ ನಡುವೆ ಒಂದು ಪಟ್ಟಿ ಮೇಲೆದ್ದು ಏಟನ್ನು ದಾಟಿಸುತ್ತದೆ. ರೂಗರ್ ಕಂಪನಿ 1973ರಲ್ಲಿ ತನ್ನ ಹಳೆ ಮಾದರಿಯ ರಿವಾಲ್ವರುಗಳನ್ನು ಇದೇ ತತ್ತ್ವದ ಮೇಲೆ ಮರುರೂಪಿಸಿತು. ಆದರೂ ಬೀಳುವ ಆಯುಧದ ಭಯ ಪೂರ್ತಿ ಕಳೆದುಹೋಗಿಲ್ಲ: 2024ರ ಅಕ್ಟೋಬರ್ 1ರಂದು ಹಿಂದಿ ಚಿತ್ರನಟ ಗೋವಿಂದಾ ಅವರ ಪರವಾನಗಿಯುಳ್ಳ ರಿವಾಲ್ವರ್ ಮುಂಬೈಯ ಮನೆಯಲ್ಲಿ ಕೈಜಾರಿ ಬಿದ್ದು, ಗುಂಡು ಅವರ ಕಾಲಿಗೇ ತಗುಲಿತು. ತಾತನ ಕಾಲದ ರಿವಾಲ್ವರನ್ನು ವಾರಸಿನ ಮೇಲೆ ಪಡೆದ ಮನೆತನಗಳು ತಮ್ಮ ಆಯುಧದಲ್ಲಿ ಇಂಥ ತಡೆ ಇದೆಯೇ, ಇದ್ದರೆ ಸವೆದಿಲ್ಲವೇ ಎಂದು ಪರವಾನಗಿ ಹೊಂದಿದ ಆಯುಧ ದುರಸ್ತಿಗಾರರಿಂದ ಪರೀಕ್ಷೆ ಮಾಡಿಸುವುದು ಅಗತ್ಯ.

ಒಳಗಿನ ತಡೆಗಳು ಸರಿಯಾಗಿದ್ದಾಗ ಗುಂಡು ಹಾರಲು ಉಳಿಯುವ ದಾರಿ ಟ್ರಿಗರ್ ಒಂದೇ. ಹ್ಯಾಮರ್ ಕೆಳಗಿರುವ ರಿವಾಲ್ವರಿನಲ್ಲಿ ಟ್ರಿಗರ್ ಎಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ಕಿಲೋ ತೂಕದಷ್ಟು ಬಲ ಬೇಕು. ಹ್ಯಾಮರನ್ನು ಮೊದಲೇ ಹಿಂದೆಳೆದು ನಿಲ್ಲಿಸಿದ್ದರೆ ಎರಡು ಕಿಲೋ ಆಸುಪಾಸಿನ ಒತ್ತಡವೇ ಸಾಕಾಗುವುದರಿಂದ ಆ ಸ್ಥಿತಿಯಲ್ಲಿ ಆಯುಧವನ್ನು ಹೊರಲೇಬಾರದು. ಅಮೆರಿಕದ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ 2008ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕ್ಲಬ್ಬೊಂದಕ್ಕೆ ಒರೆಯಿಲ್ಲದ ಪಿಸ್ತೂಲನ್ನು ಸಡಿಲ ಪ್ಯಾಂಟಿನ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡು ಹೋಗಿದ್ದರು. ಅದು ಜಾರತೊಡಗಿದಾಗ ಹಿಡಿಯಹೋಗಿ ತಮ್ಮದೇ ತೊಡೆಗೆ ಗುಂಡು ಹೊಡೆದುಕೊಂಡರು, ಮರುವರ್ಷ ಎರಡು ವರ್ಷಗಳ ಸೆರೆವಾಸಕ್ಕೂ ಗುರಿಯಾದರು. ಬೀಳುತ್ತಿರುವುದನ್ನು ಹಿಡಿಯಲು ಕೈ ತಾನಾಗಿ ಮುಂದಾಗುತ್ತದೆ, ಬೆರಳು ಹುಡುಕುವುದು ಟ್ರಿಗರಿನ ಕುಣಿಕೆಯನ್ನೇ.

ಒಳ್ಳೆಯ ಒರೆಯ ಮೊದಲ ಲಕ್ಷಣ ಇಲ್ಲಿಂದಲೇ ಹುಟ್ಟುತ್ತದೆ. ಅದು ಟ್ರಿಗರನ್ನೂ ಅದರ ಸುತ್ತಲಿನ ಕುಣಿಕೆಯನ್ನೂ ಹೊರಗಿನಿಂದ ಏನೂ ಒತ್ತಲಾರದಷ್ಟು ಗಟ್ಟಿಯಾಗಿ ಮುಚ್ಚಬೇಕು. ತಲೆಕೆಳಗು ಮಾಡಿದರೂ ಖಾಲಿ ಆಯುಧ ಜಾರಿ ಬೀಳಬಾರದು. ಆಯುಧವನ್ನು ಹೊರತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ಮೆತ್ತಗಾದ ಹಳೆಯ ಚರ್ಮದ ಒರೆಯಲ್ಲಿ ಬಾಯಂಚು ಒಳಕ್ಕೆ ಮಡಚಿಕೊಂಡು, ಆಯುಧವನ್ನು ಮರಳಿ ಇಡುವಾಗ ಕುಣಿಕೆಯೊಳಗೆ ನುಗ್ಗಿ ಟ್ರಿಗರನ್ನು ಒತ್ತುವುದುಂಟು. ಅಂಗಿಯ ಅಂಚೂ ಇದೇ ಕೆಲಸ ಮಾಡಬಲ್ಲದು. ಮರಳಿ ಇಡುವಾಗ ಅವಸರಕ್ಕೆ ಕಾರಣವೇ ಇರುವುದಿಲ್ಲವಾದ್ದರಿಂದ, ಬಟ್ಟೆಯನ್ನು ಎಡಗೈಯಲ್ಲಿ ಪೂರ್ತಿ ಸರಿಸಿ, ಒರೆಯ ಬಾಯಿಯನ್ನು ಕಣ್ಣಾರೆ ನೋಡಿ, ಟ್ರಿಗರಿನಿಂದ ದೂರ ಬೆರಳು ಚಾಚಿ, ಹ್ಯಾಮರಿನ ಮೇಲೆ ಹೆಬ್ಬೆರಳಿಟ್ಟು ನಿಧಾನವಾಗಿ ಇಳಿಸಬೇಕು: ಹ್ಯಾಮರ್ ಏಳತೊಡಗಿದರೆ ಹೆಬ್ಬೆರಳಿಗೆ ಕೂಡಲೇ ತಿಳಿಯುತ್ತದೆ.

ಒರೆಯ ಚರ್ಮದ ವಿಷಯದಲ್ಲಿ ಈ ಸೀಮೆಗೆ ಹತ್ತಿರದ ಜ್ಞಾನವೇ ಇದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ಪ್ರದೇಶದಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡಗಳೊಂದಿಗೆ ವಿಜಯಪುರವೂ ಸೇರಿದೆ, ಮತ್ತು ಆ ಚಪ್ಪಲಿಯ ಚರ್ಮವನ್ನು ಹದಮಾಡುವುದು ಜಾಲಿಯ ತೊಗಟೆ, ಅಳಲೆಕಾಯಿಗಳ ಕಷಾಯದಿಂದ. ಹೀಗೆ ಸಸ್ಯಗಳ ಒಗರಿನಿಂದ ಹದಗೊಂಡ ಚರ್ಮವನ್ನು ತೋಯಿಸಿ ಆಕಾರಕ್ಕೆ ಒತ್ತಿ ಒಣಗಿಸಿದರೆ ಅದು ಆ ಆಕಾರವನ್ನೇ ಹಿಡಿದು ಬಿರುಸಾಗುತ್ತದೆ. ಉತ್ತಮ ಒರೆಗಳು ತಯಾರಾಗುವುದೂ ಹೀಗೆಯೇ. ಕ್ರೋಮಿಯಂ ಲವಣದಿಂದ ಹದಮಾಡಿದ ಮೆದು ಚರ್ಮಕ್ಕೆ ಈ ಗುಣ ಅಷ್ಟಾಗಿ ಇಲ್ಲ. 1960ರ ದಶಕದಲ್ಲಿ ವಿಮಾನಗಳ ಒಳಾಂಗಣಕ್ಕೆಂದು ಹುಟ್ಟಿದ ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಇಂದು ಚರ್ಮಕ್ಕೆ ಪರ್ಯಾಯವಾಗಿದ್ದು, ಬೆವರನ್ನು ಹೀರುವುದಿಲ್ಲ. ಶಾಖಕ್ಕೆ ಮೆತ್ತಗಾಗುವ ವಸ್ತುವಾದ್ದರಿಂದ ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ಅದನ್ನು ಬಿಡಬಾರದು. ಬೇಸಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಗುಂಡು ಬಿಸಿಲಿಗೆ ತಾನೇ ಸಿಡಿದೀತೆಂಬ ಭಯಕ್ಕೆ ಆಧಾರವಿಲ್ಲ, ಏಕೆಂದರೆ ಅದರೊಳಗಿನ ಮದ್ದು ಹೊತ್ತಿಕೊಳ್ಳಲು ಸುಮಾರು 170 ಡಿಗ್ರಿಯ ಶಾಖ ಬೇಕು. ಬೆವರಿನ ಉಪ್ಪಿನಿಂದ ಉಕ್ಕಿಗೆ ಹಿಡಿಯುವ ತುಕ್ಕು ಮಾತ್ರ ನಿಜವಾದ ತೊಂದರೆ. ಎರೆಹೊಲದ ನಯವಾದ ಕಪ್ಪು ಧೂಳು ಎಣ್ಣೆಗೆ ಅಂಟಿ ಕೀಲುಗಳಲ್ಲಿ ಕೂರುವುದರಿಂದ ಎಣ್ಣೆಯನ್ನು ಧಾರಾಳವಾಗಿ ಸವರದೆ ತೆಳುವಾಗಿ ಒರೆಸಬೇಕು.

ಎಲ್ಲಿ ಕಟ್ಟಿಕೊಳ್ಳಬೇಕು ಎಂಬುದು ದೇಹರಚನೆಯ ಪ್ರಶ್ನೆ. ಬಲಗೈಯವನಿಗೆ ಬಲಸೊಂಟದ ಮೂಳೆಯ ಸ್ವಲ್ಪ ಹಿಂದಿನ ಜಾಗ ಹೆಚ್ಚು ಕ್ಷೇಮಕರ: ನಳಿಕೆ ನೆಲ ನೋಡುತ್ತದೆ, ಕೂರುವಾಗ ತೊಡೆಗೆ ಅಡ್ಡ ಬರುವುದಿಲ್ಲ. ಹೊಟ್ಟೆಯ ಮುಂದೆ ಸಿಕ್ಕಿಸಿಕೊಂಡಾಗ, ಕೂತವನ ತೊಡೆಸಂದಿನಲ್ಲಿ ಹರಿಯುವ ದೊಡ್ಡ ರಕ್ತನಾಳದ ಕಡೆಗೇ ನಳಿಕೆ ತಿರುಗಿರುತ್ತದೆ. ಬೆನ್ನಿನ ನಟ್ಟನಡುವೆ ಇಟ್ಟುಕೊಂಡು ಮೋಟಾರ್ ಸೈಕಲ್ಲಿನಿಂದ ಅಂಗಾತ ಬಿದ್ದರೆ ಉಕ್ಕಿನ ಗಟ್ಟಿ ಬೆನ್ನೆಲುಬಿಗೇ ಬಡಿಯುತ್ತದೆ. ಬಿಗಿಯಾದ ಪಟ್ಟಿ ಸೊಂಟಮೂಳೆಯ ಮುಂಚಾಚಿನ ಬಳಿ ಹಾದುಹೋಗುವ ನರವನ್ನು ದಿನವಿಡೀ ಅದುಮಿದರೆ ತೊಡೆಯ ಹೊರಮೈ ಜೋಮು ಹಿಡಿದು ಉರಿಯತೊಡಗುತ್ತದೆ. ಇಂಥ ಕಿರಿಕಿರಿಯನ್ನು ಸಹಿಸುವುದು ಶಿಸ್ತಿನ ಲಕ್ಷಣವೆಂದು ಭಾವಿಸುವುದು ತಪ್ಪು. ನೋಯಿಸುವ ಒರೆಯನ್ನು ಮನುಷ್ಯ ಮತ್ತೆ ಮತ್ತೆ ಮುಟ್ಟಿ ಸರಿಸುತ್ತಾನೆ, ಕೊನೆಗೆ ಬಿಚ್ಚಿ ಗಾಡಿಯ ಸೀಟಿನ ಮೇಲೋ ಮಕ್ಕಳಾಡುವ ಪಡಸಾಲೆಯ ಮೂಲೆಯಲ್ಲೋ ಇಡುತ್ತಾನೆ. ಸೌಕರ್ಯವೂ ಸುರಕ್ಷತೆಯ ಒಂದು ಅಂಗವಾಗುವುದು ಹೀಗೆ.

ಉಡುಪು ಇನ್ನೊಂದು ತೊಡಕು. ಪಾಶ್ಚಾತ್ಯರು ವಿನ್ಯಾಸಗೊಳಿಸಿದ ಬಹುಪಾಲು ಒರೆಗಳು ದಪ್ಪ ಬೆಲ್ಟನ್ನೂ ಪ್ಯಾಂಟನ್ನೂ ಆಧಾರವಾಗಿ ಭಾವಿಸುತ್ತವೆ. ಧೋತರದ ಗಂಟಾಗಲಿ ಉಡದಾರವಾಗಲಿ 700 ಗ್ರಾಂ ತೂಕವನ್ನು ಅಲುಗದಂತೆ ಹಿಡಿಯಲಾರದು, ಕಿಸೆಯುಳ್ಳ ಬನಿಯನ್ನಿನಲ್ಲಿ ಟ್ರಿಗರಿಗೆ ರಕ್ಷಣೆಯೇ ಇಲ್ಲ. ಹೆಗಲಿನಿಂದ ಇಳಿಬಿಡುವ ಒರೆಗೆ ಕೋಟು ಬೇಕು, ಏಪ್ರಿಲ್ ತಿಂಗಳಿನಲ್ಲಿ ಸಿಂದಗಿಯ ಸಂತೆಗೆ ಕೋಟು ತೊಟ್ಟು ಹೋಗುವುದು ಯಾರಿಗೂ ಆಗದ ಮಾತು. ಧೋತರದ ಒಳಗೆ ಪ್ರತ್ಯೇಕವಾಗಿ, ಬಗ್ಗದಷ್ಟು ಗಟ್ಟಿಯಾದ ಅಗಲ ಪಟ್ಟಿಯನ್ನು ಕಟ್ಟಿ ಅದಕ್ಕೆ ಒರೆಯನ್ನು ಸೇರಿಸಿ, ಮೇಲೆ ಸಡಿಲವಾದ ನೆಹರು ಶರ್ಟನ್ನು ಇಳಿಬಿಡುವುದು ಇಲ್ಲಿಗೆ ಹೊಂದುವ ಪರಿಹಾರ.

ಈ ಎಲ್ಲ ವಿವೇಚನೆ ಪರವಾನಗಿಯುಳ್ಳ, ಪರೀಕ್ಷೆಗೆ ಒಳಗಾದ ಆಯುಧಕ್ಕೆ ಮಾತ್ರ ಸಲ್ಲುತ್ತದೆ. ಇಂಡಿ, ಸಿಂದಗಿಗಳ ಸಾವಿರಾರು ಲಿಂಬೆ, ಕಬ್ಬು, ತೊಗರಿ ಬೆಳೆಗಾರರ ಬದುಕನ್ನು ಮರೆಮಾಡುವಂತೆ ‘ಭೀಮಾತೀರ’ ಎಂಬ ಹೆಸರಿಗೆ ವೈಷಮ್ಯದ ಸುದ್ದಿಗಳೂ 2012ರ ಚಲನಚಿತ್ರವೂ ಅಂಟಿಸಿದ ಕುಖ್ಯಾತಿಯ ಹಿಂದೆ ಪರವಾನಗಿಯಿಲ್ಲದೆ ತಯಾರಾಗುವ ಕಂಟ್ರಿ ಪಿಸ್ತೂಲು ಇದೆ. ಅದರ ಒಳಗಿನ ಕೊಂಡಿಗಳು ಸರಿಯಾಗಿ ಹದಗೊಳ್ಳದ ಕಬ್ಬಿಣದಲ್ಲಿ ಅರದಿಂದ ಉಜ್ಜಿ ಮಾಡಿದವು, ಬೇಗ ಸವೆಯುವಂಥವು. ಬಿದ್ದರೆ ತಡೆಯುವ ಪಟ್ಟಿ ಇರುವುದಿಲ್ಲ, ನಳಿಕೆಯೇ ಸೀಳಬಹುದು. ಅದನ್ನು ಕ್ಷೇಮವಾಗಿ ಹೊರುವ ಯಾವ ಒರೆಯೂ ಇಲ್ಲ. ಪರವಾನಗಿಯಿಲ್ಲದ ಆಯುಧವನ್ನು ಬರಿದೆ ಇಟ್ಟುಕೊಂಡದ್ದಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು, ಗರಿಷ್ಠ ಐದು ವರ್ಷಗಳ ಸೆರೆವಾಸವಿದೆ.

2016ರ ನಿಯಮಗಳು ಆಯುಧ ಸುರಕ್ಷತಾ ತರಬೇತಿಗೂ ಅವಕಾಶ ಕಲ್ಪಿಸಿವೆ. ಅಂಥ ತರಬೇತಿಯಲ್ಲಿ ಗುರಿಯಿಟ್ಟು ಹೊಡೆಯುವುದಕ್ಕಿಂತ ಹೆಚ್ಚು ಸಮಯವನ್ನು ಮದ್ದಿಲ್ಲದ ನಕಲಿ ಗುಂಡುಗಳೊಂದಿಗೆ ಒರೆಯಿಂದ ತೆಗೆಯುವ, ಮರಳಿ ಇಡುವ, ಕೂತು ಏಳುವ ಅಭ್ಯಾಸಕ್ಕೆ ಮೀಸಲಿಡಬೇಕು, ಮತ್ತು ಅಭ್ಯಾಸಿ ನಿತ್ಯ ತೊಡುವ ಧೋತರ ಅಂಗಿಗಳಲ್ಲಿಯೇ ಅದು ನಡೆಯಬೇಕು. ಸಂಜೆ ಮನೆಗೆ ಬಂದ ಮೇಲೆ ನಳಿಕೆಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದು ಗುಂಡುಗಳನ್ನು ಇಳಿಸಿ, ಒರೆಸಿ, ಆಯುಧವನ್ನು ಬೀಗದ ಕಪಾಟಿನಲ್ಲಿ ಒರೆಯಿಂದ ಹೊರಗೇ ಇರಿಸುವುದನ್ನೂ ಅಲ್ಲಿ ಕಲಿಸಬೇಕು. ಚರ್ಮ ತೇವವನ್ನು ಹಿಡಿದಿಡುವುದರಿಂದ ಒರೆಯಲ್ಲೇ ಬಿಟ್ಟ ಉಕ್ಕಿಗೆ ತುಕ್ಕು, ಚರ್ಮದ ಗುಂಡುಪಟ್ಟಿಯ ಕುಣಿಕೆಗಳಲ್ಲಿ ಬಿಟ್ಟ ಹಿತ್ತಾಳೆಯ ಕಾಡತೂಸುಗಳಿಗೆ ಹಸಿರು ಕಿಲುಬು ಕೆಲವೇ ತಿಂಗಳುಗಳಲ್ಲಿ ಹಿಡಿಯುತ್ತದೆ.